ಪಹಣಿ ನೋಡದೆ ಹೊಲಕ್ಕೆ ಇಳಿಯಬೇಡಿ: ಇಂಗ್ಲೆಂಡಿನಲ್ಲಿ ಮೆಟಲ್ ಡಿಟೆಕ್ಟರ್ ಹಿಡಿಯುವ ನಮ್ಮ ಕಡೆಯವರಿಗೆ

ಈ ವರ್ಷ ಇದು ಮೂರನೇ ಫೋನ್. ಸಿಂಧನೂರಿನ ಹುಡುಗ, ಸಫೋಕ್‌ಗೆ ಬಂದು ಎಂಟು ತಿಂಗಳಾಗಿದೆ. "ಅಣ್ಣಾ, ಒಂದು ಬೆಳ್ಳಿ ನಾಣ್ಯ ಸಿಕ್ಕಿದೆ. ಹೊಲದವರು ಅರ್ಧ ನಿನಗೆ, ಅರ್ಧ ನನಗೆ ಅಂದಿದ್ದರು. ಈಗ ಇನ್ಯಾರೋ ಬಂದು ಪೂರ್ತಿ ನಮ್ಮದು ಅಂತಿದ್ದಾರೆ" ಎಂದ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಕೆಲವು ವರ್ಷಗಳ ಹಿಂದೆ ನಾನು ಮಾಡಿದ ತಪ್ಪನ್ನೇ ಅವನೂ ಮಾಡಿದ್ದಾನೆ. ಅವನಿಗಿಂತ ಮುಂಚೆ ಫೋನ್ ಮಾಡಿದ್ದ ಸಿರುಗುಪ್ಪದವರೂ, ಕುಷ್ಟಗಿಯವರೂ ಅದನ್ನೇ ಮಾಡಿದ್ದರು.

ನಮ್ಮ ಕಡೆಯವರಿಗೆ ಈ ಹವ್ಯಾಸ ಯಾಕೆ ಹಿಡಿಸುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ನಾನು ಗಂಗಾವತಿಯವನು. ಆನೆಗೊಂದಿಯ ಬಂಡೆಗಳ ನಡುವೆ ಆಡಿ ಬೆಳೆದೆ. ಅಜ್ಜಿಯ ಪೆಟ್ಟಿಗೆಯಲ್ಲಿ ನಿಜಾಮರ ಕಾಲದ ಹಾಲಿ ಸಿಕ್ಕಾ ಇತ್ತು. ಹಳೆ ನಾಣ್ಯ ಕೈಗೆ ತಗುಲಿದಾಗ ಆಗುವ ಆ ಪುಳಕ ನಮಗೆ ಚಿಕ್ಕಂದಿನಿಂದ ಗೊತ್ತು. ಇಂಗ್ಲೆಂಡಿಗೆ ಬಂದ ಮೇಲೆ, ಇಲ್ಲಿ ಸಾಮಾನ್ಯ ಜನರೇ ಮಷೀನ್ ಹಿಡಿದು ಹೊಲದಲ್ಲಿ ಹುಡುಕಬಹುದು ಅಂತ ತಿಳಿದರೆ ಯಾರು ಸುಮ್ನೆ ಇರುತ್ತಾರೆ?

ಮಷೀನ್ ಬಗ್ಗೆ ಸ್ವಲ್ಪವೇ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ತಿಂಗಳುಗಟ್ಟಲೆ ಯೋಚಿಸುವುದು ಅದೊಂದನ್ನೇ. ಮಲ್ಟಿ ಫ್ರೀಕ್ವೆನ್ಸಿಯ, ಅಂದರೆ ಒಮ್ಮೆಗೇ ಹಲವು ತರಂಗಗಳಲ್ಲಿ ಹುಡುಕುವ ಮಷೀನ್ ತೆಗೆದುಕೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ. ನನ್ನದು ಮೈನ್‌ಲ್ಯಾಬ್ ಇಕ್ವಿನಾಕ್ಸ್. ಉಳಿಸಿದ ದುಡ್ಡಿಗೆ, ತೋಡಿದ ಮಣ್ಣಿನಲ್ಲಿ ವಸ್ತು ಎಲ್ಲಿದೆ ಅಂತ ತೋರಿಸುವ ಒಳ್ಳೆಯ ಪಿನ್‌ಪಾಯಿಂಟರ್, ಹೆಡ್‌ಫೋನ್, ಗಟ್ಟಿ ಸಲಿಕೆ ಕೊಳ್ಳಿ. ಹೊಲಕ್ಕೆ ಇಳಿದ ಕೂಡಲೇ ಗ್ರೌಂಡ್ ಬ್ಯಾಲೆನ್ಸ್ ಮಾಡಿ. ಮಣ್ಣಿನಲ್ಲಿರುವ ಕಬ್ಬಿಣದ ಅಂಶಕ್ಕೆ ಮಷೀನ್ ಕೂಗದಂತೆ ಹೊಂದಿಸುವುದೇ ಇದು. ಸಂಡೂರಿನ ಕೆಂಪು ಮಣ್ಣು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಷ್ಟು ಅದಿರು ಇರುವ ನೆಲದಲ್ಲಿ ಇಂಥ ಮಷೀನ್ ಗೊಂದಲಕ್ಕೆ ಬೀಳುತ್ತದೆ. ಇಲ್ಲಿಯ ಹೊಲಗಳಲ್ಲಿ ಅಷ್ಟು ಕಾಟ ಇಲ್ಲ. ಸೆನ್ಸಿಟಿವಿಟಿಯನ್ನು ತುದಿಗೆ ಏರಿಸಬೇಡಿ. ಸುಳ್ಳು ಸದ್ದು ಜಾಸ್ತಿಯಾಗಿ ನಿಜವಾದ ಸದ್ದು ಅದರಲ್ಲಿ ಮುಳುಗುತ್ತದೆ. ಕಾಯಿಲ್ (ಮಷೀನಿನ ತುದಿಯ ತಟ್ಟೆ) ನೆಲಕ್ಕೆ ಸಮನಾಗಿರಲಿ, ನಿಧಾನವಾಗಿ ಬೀಸಿ. ಹಳೆ ಮೊಳೆಗಳು ತುಂಬಿರುವ ಜಾಗದಲ್ಲಿ ಸಣ್ಣ ಕಾಯಿಲ್ ಹಾಕಿ. ಮಳೆ ಬಂದು ಮಣ್ಣು ಹಸಿಯಾದಾಗ ಹೋಗಿ, ಆಳದ ಸದ್ದೂ ಕೇಳುತ್ತದೆ.

ಡಿಸ್ಕ್ರಿಮಿನೇಷನ್, ಅಂದರೆ ಬೇಡದ ಲೋಹದ ಸದ್ದು ಮುಚ್ಚುವ ವಿಷಯದಲ್ಲಿ ಮಾತ್ರ ನಾನು ಹಠಮಾರಿ. ಹೊಸಬರು ಕಸ ಬೇಡ ಅಂತ ಲೋಹಕ್ಕೆ ತಕ್ಕಂತೆ ಮಷೀನ್ ತೋರಿಸುವ ನಂಬರುಗಳಲ್ಲಿ ಕೆಳಗಿನವನ್ನೆಲ್ಲ ಮುಚ್ಚಿಬಿಡುತ್ತಾರೆ. ಸಣ್ಣ ಚಿನ್ನದ ನಾಣ್ಯ, ತೆಳ್ಳನೆಯ ಬೆಳ್ಳಿ ಚೂರು, ಸಿಗರೇಟ್ ಪ್ಯಾಕಿನ ಹಾಳೆ, ಕೋಲಾ ಡಬ್ಬಿಯ ಕಿವಿ ಎಲ್ಲ ಹೆಚ್ಚುಕಡಿಮೆ ಒಂದೇ ನಂಬರಿನ ಆಸುಪಾಸು ಬರುತ್ತವೆ. ಕಸ ಬಿಟ್ಟರೆ ಚಿನ್ನವನ್ನೂ ಬಿಟ್ಟ ಹಾಗೆ. ಅಗೆಯಿರಿ, ಬೆನ್ನು ನೋಯಲಿ.

ಈಗ ನಾನು ಬರೆಯಲು ಕೂತ ವಿಷಯಕ್ಕೆ ಬರುತ್ತೇನೆ.

ಇಲ್ಲಿ ಎಲ್ಲ ನೆಲಕ್ಕೂ ಮಾಲೀಕರು ಇದ್ದಾರೆ. ಅನುಮತಿ ಇಲ್ಲದೆ ಹುಡುಕಬಾರದು ಅಂತ ಎಲ್ಲರಿಗೂ ಗೊತ್ತು. ಯಾರ ಅನುಮತಿ ಅನ್ನುವುದರಲ್ಲೇ ನಾವು ಎಡವುತ್ತೇವೆ. 2018ರ ಚಳಿಗಾಲದಲ್ಲಿ ಒಂದು ಹಳ್ಳಿಯಲ್ಲಿ ಟ್ರಾಕ್ಟರ್ ಓಡಿಸುತ್ತಿದ್ದ ರೈತರನ್ನು ಕೇಳಿದೆ. ತುಂಬಾ ಒಳ್ಳೆಯವರು. "ಹುಡುಕಪ್ಪಾ, ಏನು ಸಿಕ್ಕರೂ ಅರ್ಧ ಅರ್ಧ" ಅಂದರು. ಕೈ ಕುಲುಕಿದೆವು. ಎರಡು ಚಳಿಗಾಲ ಆ ಹೊಲದಲ್ಲಿ ನಡೆದೆ. ಗುಂಡಿಗಳನ್ನೆಲ್ಲ ಮುಚ್ಚಿದೆ, ಗೇಟು ಹಾಕಿದೆ, ಅವರ ಮನೆಯಲ್ಲಿ ಚಹಾ ಕುಡಿದೆ. ಅಂಗಿಯ ಗುಂಡಿ, ಬಕಲ್, ಸೀಸದ ಗುಂಡು, ಸವೆದ ರೋಮನ್ ತಾಮ್ರದ ನಾಣ್ಯ ಸಿಗುತ್ತಿದ್ದವು. ಒಂದು ದಿನ ಸಿಗರೇಟ್ ಹಾಳೆಯಂಥ ಸದ್ದಿಗೆ ಅಗೆದಾಗ ಮಣ್ಣಿನಲ್ಲಿ ಹಳದಿ ಮಿಂಚಿತು. ಮೂರನೇ ಎಡ್ವರ್ಡ್ ರಾಜನ ಕಾಲದ ಕಾಲು ನೋಬಲ್ ಅನ್ನುವ ನಾಣ್ಯ. ಹದಿನಾಲ್ಕನೇ ಶತಮಾನದ ಚಿನ್ನ, ತೂಕ ಎರಡು ಗ್ರಾಂ ಹತ್ತಿರ. ನಮ್ಮಲ್ಲಿ ಹಕ್ಕ ಬುಕ್ಕರು ಇದ್ದ ಕಾಲದ್ದು! ಅಂಗೈಯಲ್ಲಿ ಇಟ್ಟುಕೊಂಡು ಎಷ್ಟೋ ಹೊತ್ತು ಅಲ್ಲೇ ಕೂತಿದ್ದೆ.

ಅದನ್ನು ದಾಖಲಿಸಲು ಹೋದಾಗ, ಇಂಥ ವಸ್ತುಗಳನ್ನು ದಾಖಲಿಸುವ ಅಧಿಕಾರಿ ಒಂದೇ ಪ್ರಶ್ನೆ ಕೇಳಿದರು: "ಅವರು ಮಾಲೀಕರಾ, ಟೆನೆಂಟಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ವಿಚಾರಿಸಿದರೆ, ಆ ರೈತರು ಲೀಸಿಗೆ ಮಾಡುತ್ತಿದ್ದವರು. ನೆಲ ಒಂದು ಎಸ್ಟೇಟಿನದು. ಎಸ್ಟೇಟಿನ ಏಜೆಂಟರಿಂದ ಪತ್ರ ಬಂತು: ನಮ್ಮ ಒಪ್ಪಿಗೆ ಇಲ್ಲದೆ ಅಗೆದಿದ್ದೀರಿ, ನಾಣ್ಯ ಕೊಡಿ. ಒಬ್ಬ ವಕೀಲರಿಗೆ ದುಡ್ಡು ಕೊಟ್ಟು ಕೇಳಿದೆ. ಎಸ್ಟೇಟಿನವರು ಹೇಳುವುದು ಸರಿ ಅಂದರು. ಕೊಟ್ಟುಬಿಟ್ಟೆ. ವಕೀಲರ ಫೀಸು, ಎರಡು ಚಳಿಗಾಲದ ಪೆಟ್ರೋಲು, ಶನಿವಾರಗಳು ಎಲ್ಲ ಹೋದವು. ಅದಕ್ಕಿಂತ ನೋವಾಗಿದ್ದು, ನನ್ನಿಂದಾಗಿ ಆ ರೈತರಿಗೂ ಎಸ್ಟೇಟಿಗೂ ಮನಸ್ತಾಪ ಬಂದದ್ದು. ಅವರ ಮನೆಗೆ ಮತ್ತೆ ಹೋಗುವ ಧೈರ್ಯ ನನಗೆ ಇವತ್ತಿಗೂ ಆಗಿಲ್ಲ.

ಗಂಗಾವತಿ ಕಡೆಯ ಕ್ಯಾಂಪುಗಳಲ್ಲಿ ಗದ್ದೆಯಲ್ಲಿ ನಿಂತವರೇ ಮಾಲೀಕರಲ್ಲ ಅಂತ ನಮಗೆ ಚೆನ್ನಾಗಿ ಗೊತ್ತು, ಅಲ್ವಾ? ಲಾವಣಿಗೆ, ಅಂದರೆ ಗುತ್ತಿಗೆಗೆ ಮಾಡುವವರು ಬೇರೆ, ಪಹಣಿಯಲ್ಲಿ ಹೆಸರಿರುವವರು ಬೇರೆ. ಊರಲ್ಲಿ ಪಹಣಿ ನೋಡದೆ ಒಂದು ಗುಂಟೆಗೂ ನಾವು ಕೈ ಹಾಕುವುದಿಲ್ಲ. ಇಲ್ಲೂ ಪಹಣಿಯಂಥದ್ದು ಇದೆ. ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಕೆಲವೇ ಪೌಂಡ್ ಕಟ್ಟಿದರೆ ಆ ನೆಲದ ಮಾಲೀಕರ ಹೆಸರು ಬರುತ್ತದೆ. ಕೆಲವು ಹಳೆ ಜಮೀನು ಇನ್ನೂ ರಿಜಿಸ್ಟರ್ ಆಗಿಲ್ಲ. ಆಗ ರೈತರನ್ನೇ ನೇರವಾಗಿ ಕೇಳಿ: "ಇದು ನಿಮ್ಮದೋ, ಲೀಸೋ?" ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಲೀಕರ ಸಹಿ, ಉಳುವವರ ಸಹಿ ಎರಡೂ ಇರುವ ಒಂದು ಪುಟದ ಕಾಗದ ಮಾಡಿಸಿ. ಯಾವ ಹೊಲ, ಎಲ್ಲಿಂದ ಎಲ್ಲಿಗೆ, ಸಿಕ್ಕಿದ್ದು ಹೇಗೆ ಹಂಚಿಕೆ ಅಂತ ಅದರಲ್ಲಿ ಬರೆದಿರಲಿ. ಹಂಚಿಕೆಯ ಸಾಲು ಇಲ್ಲದ ಅನುಮತಿ ಪತ್ರ ಅರ್ಧ ಪತ್ರ.

ಆ ಸಾಲು ಯಾಕೆ ಅಷ್ಟು ಮುಖ್ಯ? ನಮ್ಮವರಲ್ಲಿ ಒಂದು ತಪ್ಪು ತಿಳುವಳಿಕೆ ಇದೆ: ಏನು ಸಿಕ್ಕರೂ ಕಾನೂನು ಅರ್ಧ ಕೊಡಿಸುತ್ತದೆ ಅಂತ. ಹಾಗಿಲ್ಲ. 1996ರ ಟ್ರೆಷರ್ ಕಾಯ್ದೆ ಯಾವುದನ್ನು ನಿಧಿ ಅಂತ ಕರೆಯುತ್ತದೋ ಅದಕ್ಕೆ ಮಾತ್ರ ಬಹುಮಾನ. ಮ್ಯೂಸಿಯಂ ಅದನ್ನು ಇಟ್ಟುಕೊಂಡರೆ ಬೆಲೆ ಕಟ್ಟಿ, ಸಾಮಾನ್ಯವಾಗಿ ಮಾಲೀಕರಿಗೆ ಅರ್ಧ, ಹುಡುಕಿದವರಿಗೆ ಅರ್ಧ ಕೊಡುತ್ತಾರೆ. 300 ವರ್ಷಕ್ಕಿಂತ ಹಳೆಯ, ಶೇ. 10ರಷ್ಟಾದರೂ ಚಿನ್ನ ಅಥವಾ ಬೆಳ್ಳಿ ಇರುವ ಒಡವೆ, ವಸ್ತು ನಿಧಿ. ನಾಣ್ಯವಾದರೆ ಅಂಥವು ಒಂದೇ ಕಡೆ ಎರಡಾದರೂ ಇರಬೇಕು. ತಾಮ್ರದಂಥ ನಾಣ್ಯ ಹತ್ತಾದರೂ ಬೇಕು. 2023ರ ಜುಲೈನಿಂದ, 200 ವರ್ಷಕ್ಕಿಂತ ಹಳೆಯ, ಲೋಹ ಇರುವ, ತುಂಬಾ ವಿಶೇಷವಾದ ವಸ್ತುಗಳೂ ಇದರಲ್ಲಿ ಸೇರಿವೆ. ಒಂಟಿ ನಾಣ್ಯ ಚಿನ್ನದ್ದೇ ಆದರೂ ಸಾಮಾನ್ಯವಾಗಿ ನಿಧಿ ಅಲ್ಲ. ಅದು ನೆಲದ ಮಾಲೀಕರದ್ದು. ನಿಮ್ಮ ಪಾಲು ನಿಮ್ಮ ಕಾಗದದಲ್ಲಿ ಬರೆದಿರುವಷ್ಟೇ. ನನ್ನ ನಾಣ್ಯ ಒಂಟಿ. ಸಿಂಧನೂರಿನ ಹುಡುಗನದ್ದೂ ಒಂಟಿ.

ನಿಧಿ ಅನ್ನಿಸಿದರೆ 14 ದಿನದೊಳಗೆ ಕೊರೊನರ್‌ಗೆ ತಿಳಿಸಬೇಕು. ಸಂಶಯದ ಸಾವುಗಳ ವಿಚಾರಣೆ ಮಾಡುವ ಅಧಿಕಾರಿಯೇ ಇಲ್ಲಿ ನಿಧಿಯ ವಿಚಾರಣೆಯನ್ನೂ ಮಾಡುತ್ತಾರೆ. ಎಫ್‌ಎಲ್‌ಒ (ಫೈಂಡ್ಸ್ ಲಿಯೇಸನ್ ಆಫೀಸರ್) ಅಂತ ಕರೆಯುವ, ಸಿಕ್ಕ ವಸ್ತುಗಳನ್ನು ದಾಖಲಿಸುವ ಜಿಲ್ಲಾವಾರು ಅಧಿಕಾರಿಗೆ ತೋರಿಸಿದರೆ ಮುಂದಿನ ದಾರಿ ಅವರೇ ಹೇಳುತ್ತಾರೆ. ನಿಧಿ ಅಲ್ಲದ್ದನ್ನೂ ಅವರಿಗೆ ತೋರಿಸಿ, ಸಿಕ್ಕ ಜಾಗದ ನಿಖರ ಗುರುತು ಸಮೇತ. ಅವರ ಸಾರ್ವಜನಿಕ ದಾಖಲೆಯಲ್ಲಿ ಈಗ 15 ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ. ಮುಚ್ಚಿಟ್ಟರೆ ಏನಾಗುತ್ತದೆ? 2015ರಲ್ಲಿ ಲೆಮ್‌ಸ್ಟರ್ ಹತ್ತಿರ ವೈಕಿಂಗ್ ಕಾಲದ ನಿಧಿ ಸಿಕ್ಕಿದ್ದನ್ನು ಇಬ್ಬರು ತಿಳಿಸದೆ ಮಾರಲು ಹೋದರು. 2019ರಲ್ಲಿ ಇಬ್ಬರಿಗೂ ಹಲವು ವರ್ಷಗಳ ಜೈಲಾಯಿತು.

ಸಂರಕ್ಷಿತ ಸ್ಮಾರಕದ ನೆಲದಲ್ಲಿ ಮಷೀನ್ ಆನ್ ಮಾಡುವುದೇ ಅಪರಾಧ, 1979ರ ಕಾಯ್ದೆ ಪ್ರಕಾರ. ಮಾಲೀಕರು ಒಪ್ಪಿದರೂ ಆಗದು, ಸ್ಮಾರಕಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್‌ನ ಲಿಖಿತ ಪರವಾನಗಿ ಬೇಕು. ಇಂಗ್ಲೆಂಡಿನಲ್ಲಿ ಇಂಥ ಜಾಗ ಇಪ್ಪತ್ತು ಸಾವಿರದ ಹತ್ತಿರ ಇವೆ. ಎಷ್ಟೋ ಕಡೆ ಮೇಲೆ ಬರೀ ಹುಲ್ಲು, ಬೋರ್ಡೂ ಇರುವುದಿಲ್ಲ. ಹೋಗುವ ಮುಂಚೆ ನಕ್ಷೆ ನೋಡಿ. ಸ್ಕಾಟ್ಲೆಂಡಿನ ಕಾನೂನು ಬೇರೆ, ಅಲ್ಲಿ ಒಂಟಿ ನಾಣ್ಯವನ್ನೂ ತಿಳಿಸಬೇಕು. ಉತ್ತರ ಐರ್ಲೆಂಡಿನಲ್ಲಿ ಲೈಸೆನ್ಸ್ ಇಲ್ಲದೆ ಪ್ರಾಚೀನ ವಸ್ತು ಹುಡುಕಿ ಅಗೆಯುವಂತೆಯೇ ಇಲ್ಲ.

ಯಾವ ದೇಶದ ಪದ್ಧತಿ ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ನನಗೆ ಇಲ್ಲಿಯದು ಮೆಚ್ಚುಗೆ, ಯಾಕೆಂದರೆ ಇದು ಸಾಮಾನ್ಯ ಮನುಷ್ಯನನ್ನು ನಂಬುತ್ತದೆ. 1992ರಲ್ಲಿ ಸಫೋಕ್‌ನ ಹಾಕ್ಸನ್‌ನಲ್ಲಿ ಎರಿಕ್ ಲಾಸ್ ಎಂಬವರು ರೈತ ಗೆಳೆಯನ ಕಳೆದುಹೋದ ಸುತ್ತಿಗೆ ಹುಡುಕಲು ಹೋದರು. ರೋಮನ್ ಕಾಲದ ಸುಮಾರು 15,000 ನಾಣ್ಯಗಳ ರಾಶಿ ಸಿಕ್ಕಿತು. ಅವರು ಪೂರ್ತಿ ಅಗೆಯಲಿಲ್ಲ. ನಿಲ್ಲಿಸಿ, ಪೊಲೀಸರಿಗೂ ನೆಲದ ಮಾಲೀಕರಾದ ಕೌಂಟಿ ಕೌನ್ಸಿಲ್‌ಗೂ ತಿಳಿಸಿದರು. ನೋಡಿ, ಅಲ್ಲೂ ರೈತ ಬೇರೆ, ಮಾಲೀಕರು ಬೇರೆ! ತಜ್ಞರು ಬಂದು ಪದರ ಪದರವಾಗಿ ತೆಗೆದರು. ಲಾಸ್ ಅವರಿಗೆ 17.5 ಲಕ್ಷ ಪೌಂಡ್ ಬಂತು, ಅದನ್ನು ರೈತನ ಜೊತೆ ಹಂಚಿಕೊಂಡರು. ಆ ಸುತ್ತಿಗೆಯೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ನಮ್ಮಲ್ಲಿ? 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ನಿಧಿ ಆಸೆಗೆ ಒಡೆದು ಹಾಕಿದರು. ಆ ಫೋಟೋ ನೋಡಿದ ದಿನ ನನಗೆ ಊಟ ಸೇರಲಿಲ್ಲ. ನಮ್ಮಲ್ಲಿ ಕಾನೂನಿಲ್ಲ ಅಂತಲ್ಲ. 1878ರ ನಿಧಿ ಕಾಯ್ದೆಯೇ ಹುಡುಕಿದವನಿಗೂ ಪಾಲು ಬರೆದಿತ್ತು. ಆದರೆ ಹೊಲದಲ್ಲಿ ಮಡಕೆ ಸಿಕ್ಕ ರೈತನಿಗೆ ಮೊದಲು ಬರುವುದು ಹೆದರಿಕೆ. ಹೆದರಿದವನು ಕರಗಿಸುತ್ತಾನೆ.

ಹಾಗಂತ ಇಲ್ಲಿಯ ಪದ್ಧತಿಯನ್ನು ಹಾಗೇ ಊರಿಗೆ ಒಯ್ಯುವುದು ದೊಡ್ಡ ಅನಾಹುತ. ಇಲ್ಲಿ ನಾವು ಹುಡುಕುವುದು ನೇಗಿಲು ನೂರಾರು ವರ್ಷ ಕಲಸಿದ ಮೇಲ್ಮಣ್ಣಿನಲ್ಲಿ. ಹಿರೇಬೆಣಕಲ್ ಗುಡ್ಡದ ಕಲ್ಲುಮನೆಗಳು, ಸಂಗನಕಲ್ಲಿನ ಬೂದಿದಿಬ್ಬಗಳು, ಮಸ್ಕಿಯ ಸುತ್ತಲಿನ ನೆಲ ಹಾಗಲ್ಲ. ಅಲ್ಲಿ ಒಂದು ಗುಂಡಿ ತೋಡಿದರೆ ಸಾವಿರಾರು ವರ್ಷದ ಪದರ ಒಮ್ಮೆಗೇ ಹಾಳು. ಅದಕ್ಕೇ ಕೈಮುಗಿದು ಕೇಳುತ್ತೇನೆ, ರಜೆಗೆ ಹೋಗುವಾಗ ಮಷೀನ್ ಬ್ಯಾಗಿಗೆ ಹಾಕಬೇಡಿ. ಕಾನೂನು ಒಂದು ಕಡೆ, ಊರಿನವರು ನಿಮ್ಮನ್ನು ನಿಧಿಗಳ್ಳರು ಅಂದುಕೊಂಡರೆ ಬಿಡಿಸಲು ಯಾರೂ ಬರುವುದಿಲ್ಲ.

ಇಲ್ಲಿ ಸಿಕ್ಕಿದ್ದನ್ನು ಮನೆಯವರಿಗೆ ತೋರಿಸಲು ಒಯ್ಯುವುದೂ ಸುಲಭವಲ್ಲ. ಈ ನೆಲದಲ್ಲಿ ಸಿಕ್ಕ, 50 ವರ್ಷಕ್ಕಿಂತ ಹಳೆಯ ವಸ್ತು ದೇಶದಿಂದ ಹೊರಗೆ ಹೋಗಬೇಕಾದರೆ ರಫ್ತು ಪರವಾನಗಿ ಬೇಕು, ಬೆಲೆ ಎಷ್ಟೇ ಕಡಿಮೆ ಇರಲಿ. ನಾನು ಅಮ್ಮನಿಗೆ ಫೋಟೋ ತೋರಿಸುತ್ತೇನೆ.

ಸಿಂಧನೂರಿನ ಹುಡುಗನಿಗೆ ಮೊನ್ನೆ ಪತ್ರ ಬರೆಯಲು ಸಹಾಯ ಮಾಡಿದೆ. ಲೀಸ್ ಅಂತ ಗೊತ್ತಿರಲಿಲ್ಲ, ನಾಣ್ಯ ಮತ್ತು ಸಿಕ್ಕ ಜಾಗದ ವಿವರ ಇದರ ಜೊತೆ ಇದೆ, ಮುಂದೆ ಹುಡುಕಲು ನಿಮ್ಮ ಲಿಖಿತ ಒಪ್ಪಿಗೆ ಕೊಡುತ್ತೀರಾ ಅಂತ. ಮಾಲೀಕರು ಬರಲು ಹೇಳಿದ್ದಾರೆ. ಶನಿವಾರ ಅವನ ಜೊತೆ ನಾನೂ ಹೋಗುತ್ತಿದ್ದೇನೆ. ಹಂಚಿಕೆಯ ಸಾಲು ಬರೆದ ಕಾಗದ ಎರಡು ಪ್ರತಿ ತೆಗೆದಿಟ್ಟಿದ್ದೇನೆ.