ಬೋರ್‌ವೆಲ್ ನೀರಿನ ಗಡಸು ಇಳಿಸುವ ಬಗೆ

ಸೋಪು ನೊರೆ ಕೊಡುವುದಿಲ್ಲ, ಶವರ್ ತೂತು ಮುಚ್ಚಿಕೊಳ್ಳುತ್ತದೆ, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕೂರುತ್ತದೆ. ಇದೆಲ್ಲ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಷಿಯಂ ಮಾಡುವ ಕೆಲಸ. ಕುದಿಸಿದರೆ ಬೈಕಾರ್ಬೊನೇಟ್ ರೂಪದ ಗಡಸು ಮಾತ್ರ ತಳ ಸೇರುತ್ತದೆ, ಸಲ್ಫೇಟ್ ಮತ್ತು ಕ್ಲೋರೈಡ್ ರೂಪದ್ದು ಹಾಗೇ ಉಳಿಯುತ್ತದೆ. ಇಡೀ ಮನೆಯ ನೀರಿಗೆ ರೆಸಿನ್ (ಗಡಸು ಹಿಡಿದು ಸೋಡಿಯಂ ಬಿಡುವ ಸಣ್ಣ ಪ್ಲಾಸ್ಟಿಕ್ ಕಾಳು) ತುಂಬಿದ ಸಾಫ್ಟ್‌ನರ್ ಬೇಕು.

ಮೊದಲು ಗಡಸು ಅಳೆಯಿರಿ. ಇದಕ್ಕೆ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ತೋರಿಸುವ ಮೀಟರ್ ಸಾಲದು. ಹನಿ ಹಾಕಿ ನೋಡುವ ಹಾರ್ಡ್‌ನೆಸ್ ಕಿಟ್‌ನಲ್ಲಿ ನೀರು ಕೆಂಪಿನಿಂದ ನೀಲಿಗೆ ತಿರುಗಲು ಎಷ್ಟು ಹನಿ ಬೇಕಾಯಿತೆಂದು ಎಣಿಸಬೇಕು. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೇಳುವ ಮಿತಿ ಲೀಟರಿಗೆ 200 ಮಿ.ಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 600.

ಆಮೇಲೆ ಲೆಕ್ಕ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸು ಹಿಡಿಯುತ್ತದೆ ಎಂದುಕೊಳ್ಳಿ. 25 ಲೀಟರ್ ರೆಸಿನ್ 1250 ಗ್ರಾಂ ಹಿಡಿಯುತ್ತದೆ. ನಿಮ್ಮ ನೀರಿನ ಗಡಸು ಲೀಟರಿಗೆ 500 ಮಿ.ಗ್ರಾಂ ಇದ್ದರೆ 2500 ಲೀಟರ್ ಆದೊಡನೆ ರೆಸಿನ್‌ನ ಶಕ್ತಿ ಮುಗಿಯಿತು. ದಿನಕ್ಕೆ 800 ಲೀಟರ್ ಬಳಸುವ ಮನೆಯವರು ಮೂರು ದಿನಕ್ಕೊಮ್ಮೆ ಉಪ್ಪು ಕೊಡಬೇಕು, ಅಂದರೆ ಉಪ್ಪು ನೀರು ಹರಿಸಿ ರೆಸಿನ್‌ಗೆ ಮತ್ತೆ ಶಕ್ತಿ ತುಂಬಬೇಕು. ‘ತಿಂಗಳಿಗೊಂದು ಸಲ ಸಾಕು’ ಎನ್ನುವ ಮಾರಾಟಗಾರರ ಮುಂದೆ ಈ ಲೆಕ್ಕ ಇಡಿ.

ಉಪ್ಪು ಕೊಡುವಾಗ ಮೊದಲು ಬ್ಯಾಕ್‌ವಾಶ್. ಕೆಳಗಿನಿಂದ ಮೇಲಕ್ಕೆ ಹತ್ತು ನಿಮಿಷ, ಹೊರಬರುವ ನೀರು ತಿಳಿಯಾಗುವವರೆಗೆ ಬಿಡಿ. ನೀರಿನ ರಭಸ ಹೆಚ್ಚಾದರೆ ರೆಸಿನ್ ಕಾಳುಗಳೇ ಚರಂಡಿ ಸೇರುತ್ತವೆ. ನಂತರ 25 ಲೀಟರ್ ರೆಸಿನ್‌ಗೆ 4 ಕೆ.ಜಿ. ಕಲ್ಲುಪ್ಪನ್ನು 36 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಕಸ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಅರ್ಧ ಗಂಟೆಯಲ್ಲಿ ನಿಧಾನವಾಗಿ ಹರಿಸಿ. ಅವಸರ ಮಾಡಿದರೆ ಸೋಡಿಯಂ ರೆಸಿನ್‌ನೊಳಗೆ ಕೂರುವ ಮುನ್ನವೇ ಉಪ್ಪು ನೀರು ಹೊರಟುಹೋಗುತ್ತದೆ. ಕೊನೆಗೆ ಮೊದಲು ನಿಧಾನ, ಆಮೇಲೆ ಜೋರಾಗಿ ತೊಳೆದು, ಕಿಟ್‌ನಲ್ಲಿ ಮತ್ತೆ ನೋಡಿ. ಉಪ್ಪಿನ ರುಚಿ ಹೋಗಿ, ಮೊದಲ ಹನಿಗೇ ನೀಲಿ ಬಂದರೆ ಸರಿ.

ಉಪ್ಪು ಕೊಟ್ಟರೂ ಗಡಸು ಇಳಿಯದಿದ್ದರೆ ಕಬ್ಬಿಣದ ಮೇಲೆ ಅನುಮಾನ ಪಡಿ. ಬೋರ್ ನೀರು ನಿಂತ ಮೇಲೆ ಕಂದು ಬಣ್ಣಕ್ಕೆ ತಿರುಗಿದರೆ, ಆ ತುಕ್ಕು ರೆಸಿನ್‌ಗೆ ಅಂಟಿ ಮುಚ್ಚಿಬಿಡುತ್ತದೆ. ಅಂಥ ನೀರಿಗೆ ಸಾಫ್ಟ್‌ನರ್‌ಗಿಂತ ಮೊದಲೇ ಕಬ್ಬಿಣದ ಫಿಲ್ಟರ್ ಹಾಕಬೇಕು. ಟಿಡಿಎಸ್ ಇಳಿಯಲಿಲ್ಲ ಎಂಬುದು ಮಾತ್ರ ದೋಷವಲ್ಲ: ಸಾಫ್ಟ್‌ನರ್ ಲವಣ ತೆಗೆಯುವುದಿಲ್ಲ, ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ. ಗಡಸು 500 ಇದ್ದ ನೀರಿಗೆ ಲೀಟರಿಗೆ ಸುಮಾರು 230 ಮಿ.ಗ್ರಾಂ ಸೋಡಿಯಂ ಸೇರುತ್ತದೆ. ಬಿ.ಪಿ. ಇದ್ದವರ ಮನೆಯಲ್ಲಿ ಇದನ್ನು ನೇರವಾಗಿ ಕುಡಿಯಲು ಬಳಸಬಾರದು. ಗಿಡಗಳಿಗೂ ಬೇಡ, ಸೋಡಿಯಂ ಹೆಚ್ಚಾದಂತೆ ಮಣ್ಣು ಗಟ್ಟಿಯಾಗುತ್ತದೆ. ಅಡುಗೆಮನೆ ಮತ್ತು ಕೈತೋಟದ ಪೈಪನ್ನು ಸಾಫ್ಟ್‌ನರ್‌ಗೆ ಮೊದಲೇ ಕವಲೊಡೆಸಿ.