ಹೊಳೆ ದಂಡೆ ಬೀಳುವುದು ಬುಡದಿಂದ: ನನ್ನ ಅನುಭವ

ನಮ್ಮ ತೆಂಗಿನ ತೋಟ ಉಡುಪಿಯ ಸ್ವರ್ಣಾ ಹೊಳೆಯ ಬದಿಯಲ್ಲಿದೆ, ಬಜೆ ಅಣೆಕಟ್ಟಿಗಿಂತ ಕೆಳಗೆ. ಅಲ್ಲಿ ಹೊಳೆ ಒಂದು ದೊಡ್ಡ ತಿರುವು ತೆಗೆದುಕೊಳ್ಳುತ್ತದೆ. ನಾವಿರುವುದು ಹೊರಗಿನ ದಂಡೆಯಲ್ಲಿ. ಪ್ರತಿ ಮಳೆಗಾಲ ನಮ್ಮ ಜಾಗ ಒಂದಿಷ್ಟು ಹೋಗುತ್ತದೆ, ಎದುರು ದಂಡೆಯಲ್ಲಿ ಹೊಯಿಗೆ (ಮರಳು) ಬೆಳೆಯುತ್ತದೆ. ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಮಾತ್ರ ಎಲ್ಲ ಸೆಂಟ್ಸೂ ಭದ್ರವಾಗಿವೆ.

ಸುಮ್ನೆ ಗೊಣಗುವ ಬದಲು ಅಳೆಯಲು ಶುರು ಮಾಡಿದೆ. ಬಾವಿಕಟ್ಟೆ, ಹಟ್ಟಿಯ ಮೂಲೆ, ಪಂಪ್‌ಶೆಡ್ಡು, ಈ ಮೂರರಿಂದ ದಂಡೆಯ ಅಂಚಿಗೆ ಟೇಪು. ಮಳೆಗೆ ಮೊದಲು ಒಮ್ಮೆ, ದೀಪಾವಳಿ ಹೊತ್ತಿಗೆ ಇನ್ನೊಮ್ಮೆ. ಜಾಸ್ತಿ ಹೋಗುತ್ತಿದ್ದದ್ದು ತಿರುವಿನ ನಡುವಿನಲ್ಲಲ್ಲ, ಅದಕ್ಕಿಂತ ಸ್ವಲ್ಪ ಕೆಳಗೆ. ರಭಸದ ನೀರು ನಡು ದಾಟಿದ ಮೇಲೆಯೇ ದಂಡೆಗೆ ಬಲವಾಗಿ ಹೊಡೆಯುತ್ತದೆ. ಹಾಗಾಗಿ ತಿರುವು ಅಗಲವಾಗುತ್ತಲೇ ಕೆಳಕ್ಕೂ ಸರಿಯುತ್ತದೆ.

ಚಹಾ ಕಲಕಿದರೆ ಪುಡಿ ಅಂಚಿಗೆ ಹೋಗದೆ ಲೋಟದ ನಡುವಿಗೆ ಬಂದು ಕೂರುತ್ತದೆ, ಅಲ್ವಾ? 1926ರಲ್ಲಿ ಐನ್‌ಸ್ಟೈನ್ ನದಿಯ ತಿರುವನ್ನು ವಿವರಿಸಲು ಹಿಡಿದದ್ದು ಅದನ್ನೇ. ಮೇಲಿನ ವೇಗದ ನೀರು ಹೊರದಂಡೆಗೆ ಒತ್ತುತ್ತದೆ, ತಳದ ನಿಧಾನದ ನೀರು ಮರಳನ್ನು ಎಳೆದುಕೊಂಡು ಒಳದಂಡೆಯ ಕಡೆ ಹೊರಳುತ್ತದೆ. ಬೇಸಿಗೆಯಲ್ಲಿ ದೋಣಿಯಿಂದ ಬಿದಿರು ಇಳಿಸಿ ನೋಡಿದೆ. ಎದುರು ಬದಿಯಲ್ಲಿ ಮೊಣಕಾಲು ನೀರು, ನಮ್ಮ ಬದಿಯಲ್ಲಿ ಗಳಕ್ಕೆ ತಳ ಸಿಗಲಿಲ್ಲ. ಹಾಗಂತ ಎದುರಿನವರ ಹೊಯಿಗೆ ನಮ್ಮದೇ ಎಂದು ಜಗಳಕ್ಕೆ ಹೋಗುವ ಹಾಗಿಲ್ಲ. ನಮ್ಮ ಮಣ್ಣು ಹೆಚ್ಚಾಗಿ ಕೆಳಗಿನ ತಿರುವುಗಳಲ್ಲಿ ಕೂರುತ್ತದೆ. ಅವರಿಗೆ ಬಂದದ್ದು ಮೇಲಿನ ಯಾರದ್ದೋ.

ದಂಡೆಯನ್ನು ಹತ್ತಿರದಿಂದ ನೋಡಬೇಕು. ಮೇಲೆ ಗಟ್ಟಿ ಜೇಡಿ, ಕೆಳಗೆ ಸಡಿಲ ಮರಳು. ಮರಳು ತೊಳೆದು ಹೋಗಿ ಮೇಲಿನ ಮಣ್ಣು ತೆಂಗಿನ ಬೇರು ಹಿಡಿದುಕೊಂಡು ಚಾಚಿ ನಿಂತಿರುತ್ತದೆ. ಅಂಚಿನಿಂದ ಎರಡು ಗೇಣು ಒಳಗೆ ಹೊಳೆಗೆ ಸಮಾನಾಂತರವಾಗಿ ಸಣ್ಣ ಬಿರುಕು ಕಂಡರೆ ಆ ತುಂಡು ಹೋಯಿತೆಂದೇ ಲೆಕ್ಕ. ಬೀಳುವುದು ಹೆಚ್ಚಾಗಿ ನೆರೆ ತುಂಬಿದ್ದಾಗ ಅಲ್ಲ, ಇಳಿದ ಮೇಲೆ. ಅಲ್ಲಿಯವರೆಗೆ ಹೊಳೆಯ ನೀರೇ ದಂಡೆಗೆ ಒರಗು ಕೊಟ್ಟಿರುತ್ತದೆ. ಅದು ಸರಿದಾಗ ನೀರು ಕುಡಿದು ಭಾರವಾದ ಮಣ್ಣು ಕುಸಿಯುತ್ತದೆ. ಆದ್ದರಿಂದ ಮಳೆ ಬಿಟ್ಟ ಮರುದಿನ ಅಂಚಿಗೆ ಹೋಗಬೇಡಿ.

ಹೀಗಿರುವಾಗ ಮೇಲ್ಗಡೆ ಗೋಡೆ ಕಟ್ಟಿ ಏನು ಪ್ರಯೋಜನ? ಅನುಮತಿ ಪಡೆದು, ನೀರು ಇಳಿದಾಗ ಬುಡಕ್ಕೆ ದೊಡ್ಡ ಕಪ್ಪುಕಲ್ಲು ಪೇರಿಸಿದೆ. ಮೇಲಿನ ಕಡಿದಾದ ಮಣ್ಣನ್ನು ಇಳಿಜಾರಾಗಿ ಕಡಿದು ಒತ್ತೊತ್ತಾಗಿ ಲಾವಂಚದ ಹುಲ್ಲು ನೆಟ್ಟೆ. ಅದರ ಬೇರು 3 ಮೀಟರ್ ಆಳಕ್ಕೂ ಇಳಿಯುತ್ತದೆ. ಕೋಡಿಬೆಂಗ್ರೆ ಅಳಿವೆ ಹತ್ತಿರದ ಉಪ್ಪುನೀರಿನಲ್ಲಾದರೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡವೇ ಒಳ್ಳೆಯದು.

ಕಲ್ಲು ಹಾಕಿದಲ್ಲಿ ಸವೆತ ಬಹಳ ಕಡಿಮೆಯಾಗಿದೆ. ಆದರೆ ಕಲ್ಲಿನ ಸಾಲು ಮುಗಿದ ಕೂಡಲೇ ಕೆಳಗೆ ಹೊಸದಾಗಿ ಕೊರೆತ ಶುರುವಾಗಿದೆ. ಅಲ್ಲಿ ನಾನು ಹೊಳೆಗೆ ಜಾಗ ಬಿಟ್ಟುಕೊಟ್ಟಿದ್ದೇನೆ. ಬಿದ್ದ ತೆಂಗಿನ ಜಾಗಕ್ಕೆ ಬಿದಿರು ಹಾಕಿದ್ದೇನೆ, ಹೊಸ ಸಸಿಗಳನ್ನು ಪಂಪ್‌ಶೆಡ್ಡಿನಿಂದ ಈಚೆಗೆ ನೆಟ್ಟಿದ್ದೇನೆ. ಪಂಪ್‌ಶೆಡ್ಡಿಗೆ ಮಾತ್ರ ಗ್ಯಾರಂಟಿ ಕೊಡಲಾರೆ.