ಎರಡು ಗಾಜಿನ ಕಿಟಕಿಯನ್ನು ಮನೆಯಲ್ಲೇ ಸರಿಮಾಡಿದ್ದು: ನನ್ನ ಅನುಭವ

ನಮ್ಮ ಮನೆ ಸುರತ್ಕಲ್‌ನಲ್ಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೆದ್ದಾರಿ 66. ರಾತ್ರಿಯಿಡೀ ಓಡುವ ಲಾರಿಗಳ ಸದ್ದು ತಡೆಯಲಾರದೆ ಎಂಟು ವರ್ಷದ ಹಿಂದೆ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಚೌಕಟ್ಟಿನ ಡಬಲ್ ಗ್ಲೇಜಿಂಗ್, ಅಂದರೆ ನಡುವೆ ಸಂದು ಬಿಟ್ಟು ಎರಡು ಗಾಜು ಜೋಡಿಸಿದ ಕಿಟಕಿ ಹಾಕಿಸಿದೆವು. ಸದ್ದು ಕಡಿಮೆಯಾಯಿತು, ಎಸಿ ಕರೆಂಟ್ ಬಿಲ್ ಕೂಡ ಇಳಿಯಿತು. ಆ ವಿಷಯದಲ್ಲಿ ನನಗೆ ಇವತ್ತಿಗೂ ತೃಪ್ತಿ ಇದೆ.

ತೊಂದರೆ ಶುರುವಾದದ್ದು ಕಳೆದ ವರ್ಷ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್). ಪಶ್ಚಿಮದಿಂದ ಗಾಳಿಮಳೆ ಹೊಡೆಯುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಮಲಗುವ ಕೋಣೆಯ ಕಿಟಕಿಯ ಕೆಳಗೆ ಗೋಡೆ ತೊಯ್ದು, ನೀರು ನೆಲಕ್ಕೆ ಇಳಿದಿತ್ತು. ಬೈರಾಸು (ಟವೆಲ್) ಮಡಚಿ ಇಟ್ಟೆ. ಮರುದಿನ ಬೈರಾಸು ಹಿಂಡಿದರೆ ಅರ್ಧ ಬಕೆಟ್ ನೀರು. ಜೊತೆಗೆ ಅದೇ ಕಿಟಕಿಯ ಎರಡು ಗಾಜುಗಳ ನಡುವೆ ಎರಡು ವರ್ಷದಿಂದ ಮಂಜು ಕೂತಿತ್ತು. ಆಚೆ ಮನೆಯ ತೆಂಗಿನ ಮರ ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತಿತ್ತು. ಎರಡಕ್ಕೂ ಸಂಬಂಧ ಇದೆ ಎಂದು ಆಗ ಹೊಳೆಯಲೇ ಇಲ್ಲ.

ಕಿಟಕಿ ನೋಡಲು ಬಂದವರೊಬ್ಬರು ಇಡೀ ಕಿಟಕಿ ಬದಲಿಸಬೇಕು ಎಂದರು. ಇನ್ನೊಬ್ಬರು ಹೊರಗಿನಿಂದ ಸುತ್ತಲೂ ಸಿಲಿಕೋನ್ ಹಚ್ಚಿದರೆ ಸಾಕು ಎಂದರು. ಎರಡೂ ನನಗೆ ಸರಿ ಅನ್ನಿಸಲಿಲ್ಲ. ಮಳೆ ನಿಂತ ಒಂದು ಮಧ್ಯಾಹ್ನ ಕಿಟಕಿ ತೆರೆದು, ಚೌಕಟ್ಟಿನ ಕೆಳಗಿನ ಗಾಡಿಯಲ್ಲಿ, ಅಂದರೆ ಉದ್ದಕ್ಕೂ ಇರುವ ತಗ್ಗಿನಲ್ಲಿ, ಬೆರಳಿಟ್ಟೆ. ಮಳೆ ಬಿಟ್ಟು ಮೂರು ಗಂಟೆ ಆಗಿತ್ತು. ಆದರೂ ಗಾಡಿಯಲ್ಲಿ ಬೆರಳಿನ ಒಂದು ಗೆಣ್ಣು ಮುಳುಗುವಷ್ಟು ನೀರು!

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮಲ್ಲಿ ತುಂಬ ಜನ ಈ ಕಿಟಕಿಯೊಳಗೆ ಒಂದು ಹನಿ ನೀರೂ ಹೋಗಬಾರದು ಎಂದುಕೊಂಡಿದ್ದಾರೆ. ಹಾಗಲ್ಲ. ಗಾಳಿಮಳೆಗೆ ರಬ್ಬರ್ ದಾಟಿ ಸ್ವಲ್ಪ ನೀರು ಚೌಕಟ್ಟಿನೊಳಗೆ ಬಂದೇ ಬರುತ್ತದೆ. ಅದು ಹೊರಗೆ ಹೋಗಲಿ ಎಂದೇ ಕೆಳಗಿನ ಪಟ್ಟಿಯಲ್ಲಿ ಉದ್ದುದ್ದ ತೂತು ಕೊರೆದಿರುತ್ತಾರೆ. ಒಳಗಿನ ಗಾಡಿಯಲ್ಲಿ ಒಂದು ತೂತು, ಹೊರಮೈಯಲ್ಲಿ ಇನ್ನೊಂದು. ಎರಡೂ ಎದುರುಬದುರು ಇರುವುದಿಲ್ಲ, ಗಾಳಿ ನೇರವಾಗಿ ನುಗ್ಗದಿರಲಿ ಎಂದು ಆಚೀಚೆ ಸರಿಸಿರುತ್ತಾರೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆ ಪುಟ್ಟ ತೂತುಗಳ ಮೇಲೆ ಎಷ್ಟು ಭಾರ ಇದೆ ಯೋಚಿಸಿ.

ನಮ್ಮ ಕಿಟಕಿಯ ತೂತುಗಳನ್ನು ಮುಚ್ಚಿದ್ದು ನಾನೇ. ಹಾಕಿಸಿದ ವರ್ಷ ಅಲ್ಲಿಂದ ಇರುವೆ ಬರುತ್ತವೆ ಎಂದು ಹೊರಗಿನ ಮೂರರಲ್ಲಿ ಎರಡಕ್ಕೆ ಸಿಲಿಕೋನ್ ತುಂಬಿದ್ದೆ. ಬ್ಲೇಡಿನಿಂದ ಅದನ್ನು ಕೊಯ್ದು ತೆಗೆದೆ. ಮೂರನೆಯದರಲ್ಲಿ ಕಣಜದ ಮಣ್ಣಿನ ಗೂಡು, ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಒಳಗಿನ ತೂತುಗಳ ಬಾಯಿಯಲ್ಲಿ ಬಿಳಿ ಉಪ್ಪು ಮತ್ತು ಮುರಕಲ್ಲಿನ ಕೆಂಪು ಧೂಳು ಸೇರಿ ಹೆಪ್ಪುಗಟ್ಟಿತ್ತು.

ಇದಕ್ಕೆ ಹಿಡಿಸೂಡಿಯ ಕಡ್ಡಿಗಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ತೆಂಗಿನ ಕಡ್ಡಿ ಬಾಗುತ್ತದೆ, ಆದರೆ ಮುರಿಯುವುದಿಲ್ಲ, ಪ್ಲಾಸ್ಟಿಕ್ಕನ್ನು ಗೀಚುವುದೂ ಇಲ್ಲ. ಮೊದಲು ಬಿಸಿನೀರು ಹುಯ್ದು ಹತ್ತು ನಿಮಿಷ ಬಿಟ್ಟೆ. ಉಪ್ಪು ಕರಗಿತು, ಮಣ್ಣು ಮೆತ್ತಗಾಯಿತು. ಆಮೇಲೆ ಕಡ್ಡಿ ತೂರಿಸಿ ಆಚೀಚೆ ಆಡಿಸಿದೆ. ಡ್ರಿಲ್ ಮಾತ್ರ ಹಾಕಬೇಡಿ. ಪಕ್ಕದ ಪೊಳ್ಳಿನಲ್ಲಿ ಕಬ್ಬಿಣದ ಕೊಳವೆ ಇರುತ್ತದೆ. ಡ್ರಿಲ್ ಅಲ್ಲಿಗೆ ತೂತು ಮಾಡಿದರೆ ನೀರು ಹೋಗಿ ತುಕ್ಕು ಹಿಡಿಯುತ್ತದೆ.

ಒಂದು ಮಗ್ಗು ನೀರು ನಿಧಾನಕ್ಕೆ ಗಾಡಿಗೆ ಹುಯ್ದೆ. ಮನೆಯವಳು ಹೊರಗೆ ನಿಂತು ನೋಡುತ್ತಿದ್ದಳು. ಮೊದಲು ಏನೂ ಬರಲಿಲ್ಲ. ಆಮೇಲೆ ಕೆಂಪು ನೀರು ತೊಟ್ಟಿಕ್ಕಿತು, ಅದರ ಹಿಂದೆ ಸತ್ತ ಇರುವೆಗಳು, ಮಣ್ಣಿನ ಚೂರು. ಮೂರನೇ ಮಗ್ಗಿಗೆ ನೀರು ಸ್ವಚ್ಛವಾಗಿ, ಸಣ್ಣ ನಳ್ಳಿ ಬಿಟ್ಟ ಹಾಗೆ ಸುರಿಯಿತು. ಆ ರಾತ್ರಿಯೂ ಜೋರು ಮಳೆ. ಬೆಳಿಗ್ಗೆ ಬೈರಾಸು ಒಣಗಿಯೇ ಇತ್ತು.

ಇನ್ನು ಮಂಜಿನ ವಿಷಯ. ಗಾಜಿನ ಒಳಮೈ, ಹೊರಮೈ ಎರಡನ್ನೂ ಬೆರಳಿನಿಂದ ಒರಸಿ ನೋಡಿ. ಎರಡು ಕಡೆಯೂ ಹೋಗದಿದ್ದರೆ ಮಂಜು ನಡುವೆ ಇದೆ ಎಂದರ್ಥ. ಎರಡು ಗಾಜುಗಳ ನಡುವೆ ಸುತ್ತಲೂ ಅಲ್ಯೂಮಿನಿಯಂ ಪಟ್ಟಿ ಇರುತ್ತದೆ, ಅದಕ್ಕೆ ಸ್ಪೇಸರ್ ಎನ್ನುತ್ತಾರೆ. ಅದರೊಳಗೆ ತೇವ ಹೀರುವ ಕಾಳುಗಳು ತುಂಬಿರುತ್ತವೆ. ಹೊಸ ಬ್ಯಾಗಿನಲ್ಲಿ ಒಂದು ಪುಟ್ಟ ಪೊಟ್ಟಣ ಇರುತ್ತದೆ ಅಲ್ವಾ, ಅದೇ ಕೆಲಸ. ಪಟ್ಟಿ ಮತ್ತು ಗಾಜಿನ ನಡುವೆ ಬ್ಯುಟೈಲ್ ಅಂಟು, ಅದರ ಹೊರಗೆ ಪಾಲಿಸಲ್ಫೈಡ್ ಅಥವಾ ಸಿಲಿಕೋನ್ ಸೀಲ್. ಸೀಲ್ ಸೋತರೆ ಹೊರಗಿನ ತೇವ ಒಳಗೆ ಬರುತ್ತದೆ. ಸ್ವಲ್ಪ ಕಾಲ ಕಾಳುಗಳು ಹೀರಿಕೊಳ್ಳುತ್ತವೆ. ಅವುಗಳ ಹೊಟ್ಟೆ ತುಂಬಿದ ಮೇಲೆ ಗಾಜಿನಲ್ಲಿ ಮಂಜು.

ಗಾಜನ್ನು ಹಿಡಿದಿಡುವ ಒಳಗಿನ ಪ್ಲಾಸ್ಟಿಕ್ ಪಟ್ಟಿ, ಅಂದರೆ ಬೀಡಿಂಗ್ ತೆಗೆದು ನೋಡಿದಾಗ ನನ್ನ ಕಣ್ಣು ತೆರೆಯಿತು. ಗಾಜು ಕೂರುವ ಕೆಳಗಿನ ಗಾಡಿಯಲ್ಲಿ ಕಪ್ಪು ಕೆಸರು. ಕಿಟಕಿ ಬಾಗಿಲಿನ ಪಟ್ಟಿಯಲ್ಲೂ ನೀರು ಹೋಗುವ ತೂತುಗಳಿವೆ, ಅವೂ ಕಟ್ಟಿಕೊಂಡಿದ್ದವು. ಗಾಜಿನ ಕೆಳ ಅಂಚು ವರ್ಷಗಟ್ಟಲೆ ಆ ಕೆಸರಿನಲ್ಲಿ ನೆಂದಿತ್ತು. ಮೂಲೆಯ ಸೀಲನ್ನು ಉಗುರಿನಿಂದ ಎಬ್ಬಿಸಿದೆ. ಅಗಿದು ಬಿಟ್ಟ ಚೂಯಿಂಗ್ ಗಮ್ ಹಾಗೆ ಎದ್ದು ಬಂತು. ಮೇಲಿನ ಅಂಚಿನಲ್ಲಿ ಅದೇ ಸೀಲ್ ರಬ್ಬರ್ ಹಾಗೆ ಗಟ್ಟಿಯಾಗಿತ್ತು. ಗಾಜು ಹಾಳಾದದ್ದು ಕಂಪನಿಯ ತಪ್ಪಿನಿಂದಲ್ಲ, ವಯಸ್ಸಿನಿಂದಲೂ ಅಲ್ಲ. ನೀರಿಗೆ ದಾರಿ ಇಲ್ಲದೆ ಹಾಳಾದದ್ದು.

ಅಂಚಿಗೆ ಹೊಸ ಸಿಲಿಕೋನ್ ಹಚ್ಚಿದರೆ ಆಗುತ್ತದಾ? ನಾನು ಅಡುಗೆಕೋಣೆಯ ಕಿಟಕಿಗೆ ಹಚ್ಚಿ ನೋಡಿದ್ದೇನೆ. ಎರಡು ತಿಂಗಳಲ್ಲಿ ಮಂಜು ಇನ್ನೂ ದಟ್ಟವಾಯಿತು. ಒಳಗೆ ಆಗಲೇ ಸೇರಿದ ತೇವ ಅಲ್ಲೇ ಉಳಿಯುತ್ತದೆ, ಅಷ್ಟೇ. ಅಲ್ಲದೆ ನಾನು ತಂದದ್ದು ವಿನೆಗರ್ ವಾಸನೆಯ ಸಿಲಿಕೋನ್. ಆ ಜಾತಿಯದ್ದು ಗಾಜಿನ ಅಂಚಿನ ಸೀಲಿಗೆ ತಾಗಬಾರದು, ಅದನ್ನೇ ಹಾಳುಮಾಡುತ್ತದೆ. ಕಿಟಕಿಯ ಹತ್ತಿರ ಏನಾದರೂ ಹಚ್ಚುವುದಿದ್ದರೆ ಟ್ಯೂಬಿನ ಮೇಲೆ ನ್ಯೂಟ್ರಲ್ ಎಂದಿರುವುದನ್ನೇ ತನ್ನಿ. ಗಾಜಿಗೆ ಸಣ್ಣ ತೂತು ಕೊರೆದು ಒಣಗಿಸುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಟಫನ್ಡ್ (ಬಿಸಿಮಾಡಿ ಗಟ್ಟಿಗೊಳಿಸಿದ) ಗಾಜಿಗೆ ಡ್ರಿಲ್ ತಾಗಿದರೆ ಇಡೀ ಗಾಜು ಕಾಳುಕಾಳಾಗಿ ಉದುರುತ್ತದೆ. ಹಾಗಾಗದಿದ್ದರೂ ನಮ್ಮ ಕರಾವಳಿಯ ಗಾಳಿಗೆ ತೂತು ಕೊಟ್ಟರೆ ಒಣಗುವುದು ಯಾವಾಗ?

ಬದಲಿಸಬೇಕಾದದ್ದು ಗಾಜಿನ ಜೋಡಿ ಮಾತ್ರ. ಚೌಕಟ್ಟು, ಬಾಗಿಲು, ಲಾಕ್ ಎಲ್ಲ ಹಾಗೇ ಇರಲಿ. ಇದನ್ನು ದಯವಿಟ್ಟು ನೆನಪಿಡಿ. ನನಗೆ ಆದ ಖರ್ಚು ಹೊಸ ಕಿಟಕಿಗೆ ಹೇಳಿದ ದರದ ಕಾಲು ಭಾಗವೂ ಇರಲಿಲ್ಲ.

ಬೀಡಿಂಗ್ ತೆಗೆಯುವಾಗ ಉದ್ದದ ಪಟ್ಟಿಯಿಂದ ಶುರು ಮಾಡಿ, ಅದೂ ನಡುಮಧ್ಯದಿಂದ. ಪುಟ್ಟಿ ಹಚ್ಚುವ ತೆಳು ಚಾಕುವನ್ನು ಬೀಡಿಂಗ್ ಮತ್ತು ಚೌಕಟ್ಟಿನ ಸಂದಿಗೆ ಇಟ್ಟು ಮೆಲ್ಲಗೆ ತಿರುವಬೇಕು, ಗಾಜಿನ ಕಡೆಯಿಂದ ಅಲ್ಲ. ಟಪ್ ಎಂದು ಸದ್ದಾಗಿ ಬಾಗಿ ಬರುತ್ತದೆ. ಯಾವುದು ಯಾವ ಕಡೆಯದ್ದು ಎಂದು ಟೇಪ್ ಅಂಟಿಸಿ ಬರೆದಿಡಿ. ಮತ್ತೆ ಹಾಕುವಾಗ ಗಿಡ್ಡದ್ದು ಮೊದಲು, ಉದ್ದದ್ದು ಕೊನೆಗೆ.

ಅಳತೆ ಗಾಜಿನದ್ದೇ ತೆಗೆಯಿರಿ, ಕಾಣುವ ಭಾಗದ್ದಲ್ಲ. ಅಗಲ, ಎತ್ತರ, ಒಟ್ಟು ದಪ್ಪ. ನಮ್ಮದು 5 ಮಿಲಿಮೀಟರ್ ಗಾಜು, 12 ಮಿಲಿಮೀಟರ್ ಸಂದು, ಮತ್ತೆ 5 ಗಾಜು, ಒಟ್ಟು 22. ದಪ್ಪ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ ಆದರೂ ಬೀಡಿಂಗ್ ಕೂರುವುದಿಲ್ಲ. ಅಳತೆ ತೆಗೆದ ಮೇಲೆ ಹಳೆಯ ಗಾಜನ್ನೇ ವಾಪಸ್ ಕೂರಿಸಿದೆ. ಹೊಸದು ಬರಲು ಎರಡು ವಾರ ಹಿಡಿಯಿತು.

ಭಾರ ಎಷ್ಟೆಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ಒಂದು ಚದರ ಮೀಟರ್ ಗಾಜಿಗೆ ಪ್ರತಿ ಮಿಲಿಮೀಟರ್ ದಪ್ಪಕ್ಕೆ 2.5 ಕಿಲೋ. ನಮ್ಮ ಎರಡಡಿ ಅಗಲ, ನಾಲ್ಕಡಿ ಎತ್ತರದ ಜೋಡಿ 18 ಕಿಲೋ ದಾಟಿತು. ಒಬ್ಬರೇ ಎತ್ತಬೇಡಿ. ನಾನು ಮತ್ತು ಭಾವ ಸೇರಿ, ವ್ಯಾಕ್ಯೂಮ್ ಕಪ್ ಅಂಟಿಸಿ, ಗ್ಲೌಸ್ ಹಾಕಿಕೊಂಡು ತೆಗೆದೆವು. ಟಫನ್ಡ್ ಗಾಜಿನ ಮುಖ ಗಟ್ಟಿ, ಮೂಲೆ ತುಂಬ ಸೂಕ್ಷ್ಮ. ಟೈಲ್ಸ್ ಮೇಲೆ ಮೂಲೆ ಊರಿದರೆ ಮುಗಿಯಿತು. ಮಡಚಿದ ಗೋಣಿಚೀಲದ ಮೇಲೆ ಇಟ್ಟೆವು. ಗಾಜು ಹೊರಗಿನಿಂದ ಕೂರಿಸುವಂತಿದ್ದು ಮನೆ ಮಹಡಿಯ ಮೇಲಿದ್ದರೆ ಈ ಕೆಲಸಕ್ಕೆ ನೀವು ಇಳಿಯಬೇಡಿ, ತಿಳಿದವರನ್ನೇ ಕರೆಯಿರಿ.

ಈಗ ಪ್ಯಾಕರ್, ಅಂದರೆ ಗಾಜು ಮತ್ತು ಚೌಕಟ್ಟಿನ ನಡುವೆ ಇಡುವ ಪ್ಲಾಸ್ಟಿಕ್ ತುಂಡುಗಳ ವಿಷಯ. ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಇದೇ. ನಮ್ಮ ಕಿಟಕಿ ಬಾಗಿಲು ಹಿಡಿಯ ಕಡೆ ಜೋತುಬಿದ್ದು, ಮುಚ್ಚುವಾಗ ಕೆಳಗಿನ ಚೌಕಟ್ಟಿಗೆ ಉಜ್ಜುತ್ತಿತ್ತು. ಹಿಂಜ್ ಸವೆದಿದೆ ಎಂದುಕೊಂಡಿದ್ದೆ. ನಿಜವಾಗಿ ಗಾಜಿನ ಅಡಿಯ ಪ್ಲಾಸ್ಟಿಕ್ ಪ್ಯಾಕರ್‌ಗಳು ಜಾರಿಹೋಗಿದ್ದವು. ಬರಿಯ ಪ್ಲಾಸ್ಟಿಕ್ ಚೌಕಟ್ಟು 18 ಕಿಲೋ ಹೊರಲಾರದು. ಗಾಜೇ ಓರೆಯಾಗಿ ಆಧಾರ ಕೊಡಬೇಕು. ಅದಕ್ಕೆ ಹಿಂಜ್ ಕಡೆಯ ಕೆಳಮೂಲೆಯಲ್ಲಿ ಒಂದು ಪ್ಯಾಕರ್, ಅದರ ಕರ್ಣಕ್ಕೆ ಹಿಡಿಯ ಕಡೆಯ ಮೇಲ್ಮೂಲೆಯಲ್ಲಿ ಇನ್ನೊಂದು ಬಿಗಿಯಾಗಿ ಕೂರಬೇಕು. ಹಳೆಯ ಗೇಟಿಗೆ ಓರೆ ಪಟ್ಟಿ ಹೊಡೆಯುತ್ತಾರಲ್ಲ, ಅದೇ ಲೆಕ್ಕ. ಮೇಲಿನ ಪ್ಯಾಕರನ್ನು ಒಂದು ಮಿಲಿಮೀಟರ್ ಹೆಚ್ಚು ದಪ್ಪದ್ದಕ್ಕೆ ಬದಲಿಸಿದಾಗ ಜೋತ ಮೂಲೆ ಕಣ್ಣೆದುರೇ ಮೇಲೆದ್ದಿತು. ಭಾವ ಕಿಟಕಿಯನ್ನು ನಾಲ್ಕೈದು ಸಲ ಮುಚ್ಚಿ ತೆರೆದು ನೋಡಿದ. ಉಜ್ಜುವ ಸದ್ದು ಹೋಗಿತ್ತು. ಪ್ಯಾಕರ್ ಎರಡೂ ಗಾಜಿನ ಅಡಿಗೆ ಬರುವಷ್ಟು ಅಗಲ ಇರಲಿ. ನೀರಿನ ತೂತಿನ ಮೇಲೆ ಮಾತ್ರ ಕೂರಿಸಬೇಡಿ.

ಹಿಂಜ್ ಅಂದರೆ ಇಲ್ಲಿ ಫ್ರಿಕ್ಷನ್ ಸ್ಟೇ, ಕಿಟಕಿ ತೆರೆದಲ್ಲೇ ನಿಲ್ಲುವಂತೆ ಹಿಡಿಯುವ ಜಾರುಪಟ್ಟಿ. ಅದರ ಪಟ್ಟಿ ಸ್ಟೀಲಿನದ್ದೇ ಇತ್ತು, ಹೊಡೆದ ಸ್ಕ್ರೂಗಳು ಕಬ್ಬಿಣದವು. ಉಪ್ಪುಗಾಳಿಗೆ ನಾಲ್ಕರ ತಲೆ ಉದುರಿತ್ತು. ಬಂದರಿನ ಹಾರ್ಡ್‌ವೇರ್ ಅಂಗಡಿಯಲ್ಲಿ 316 ದರ್ಜೆಯ ಸ್ಟೀಲ್ ಸ್ಕ್ರೂ ಕೇಳಿ ತಂದೆ. ಮಾಮೂಲಿ 304ಕ್ಕಿಂತ ಇದು ಸಮುದ್ರದ ಹತ್ತಿರ ಜಾಸ್ತಿ ಬಾಳುತ್ತದೆ. ಲಾಕಿಗೆ ಸಿಲಿಕೋನ್ ಸ್ಪ್ರೇ ಸಾಕು. ತೆಂಗಿನೆಣ್ಣೆ ಹಾಕಿದರೆ ಧೂಳು ಹಿಡಿದು ಅಂಟಾಗುತ್ತದೆ. ತುಕ್ಕು ಬಿಡಿಸುವ ಪೆಟ್ರೋಲಿಯಂ ಎಣ್ಣೆ ಕಿಟಕಿಯ ಅಂಚಿನ ಇಪಿಡಿಎಂ ರಬ್ಬರಿಗೆ (ಗ್ಯಾಸ್ಕೆಟ್) ತಾಗಿದರೆ ರಬ್ಬರ್ ಉಬ್ಬುತ್ತದೆ.

ರಬ್ಬರ್ ಗ್ಯಾಸ್ಕೆಟ್ ಬದಲಿಸುವುದು ಸುಲಭ. ಹಳೆಯದರ ಒಂದು ಗೇಣು ತುಂಡು ಕತ್ತರಿಸಿ ಅಂಗಡಿಗೆ ಒಯ್ಯಿರಿ, ಅದೇ ಆಕಾರದ್ದು ಬೇಕು. ಹಾಕುವಾಗ ಎಳೆಯಬೇಡಿ, ಎಳೆದು ಹಾಕಿದ್ದು ಕೆಲವು ತಿಂಗಳಲ್ಲಿ ಕುಗ್ಗಿ ಮೂಲೆಯಲ್ಲಿ ಬಾಯಿಬಿಡುತ್ತದೆ. ಸಾಬೂನು ನೀರು ಮುಟ್ಟಿಸಿ ಒತ್ತುತ್ತಾ ಹೋಗಿ. ತುದಿಗಳು ಸೇರುವ ಜಾಗ ಮೇಲಿನ ಪಟ್ಟಿಯ ನಡುವೆ ಇರಲಿ.

ಒಂದು ವಿಷಯವನ್ನು ಮಾತ್ರ ರಿಪೇರಿ ಬೇಕಾದ ದೋಷ ಎಂದು ಎಣಿಸಬೇಡಿ. ರಾತ್ರಿಯಿಡೀ ಎಸಿ ಹಾಕಿದರೆ ಬೆಳಿಗ್ಗೆ ಗಾಜಿನ ಹೊರಮೈಯಲ್ಲಿ, ಅದರಲ್ಲೂ ಅಂಚಿನ ಸುತ್ತ, ಹನಿ ಕೂರಬಹುದು. ಲೋಹದ ಸ್ಪೇಸರ್ ಅಂಚಿಗೆ ತಂಪು ದಾಟಿಸುತ್ತದೆ, ನಮ್ಮ ಹೊರಗಿನ ಗಾಳಿಯಲ್ಲಿ ತೇವ ತುಂಬಿರುತ್ತದೆ. ಬಟ್ಟೆಯಿಂದ ಒರಸಿದರೆ ಹೋಗುತ್ತದೆ. ಅದಕ್ಕಾಗಿ ಗಾಜು ಬದಲಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ.

ಈಗ ಮೇ ಕೊನೆಯ ವಾರ ಒಮ್ಮೆ, ಆಟಿಯ ನಡುವೆ ಇನ್ನೊಮ್ಮೆ, ಹೀಗೆ ಎರಡು ಸಲ ಎಲ್ಲ ಕಿಟಕಿಗೂ ಮಗ್ಗು ನೀರು ಹುಯ್ದು ನೋಡುತ್ತೇನೆ. ತೂತಿನ ಹೊರಬಾಯಿಗೆ ಸಣ್ಣ ಪ್ಲಾಸ್ಟಿಕ್ ಮುಚ್ಚಳ ಸಿಕ್ಕಿತು, ನೀರು ಹೋಗುತ್ತದೆ, ಕಣಜ ಬರುವುದಿಲ್ಲ. ಮಲಗುವ ಕೋಣೆಯಿಂದ ತೆಂಗಿನ ಮರ ಗರಿಗರಿಯಾಗಿ ಕಾಣುತ್ತಿದೆ. ಅಡುಗೆಕೋಣೆಯ ಗಾಜು ಇನ್ನೂ ಮಂಜಾಗಿಯೇ ಇದೆ. ಅಳತೆ ಬರೆದಿಟ್ಟಿದ್ದೇನೆ, ಮಳೆ ಮುಗಿದು ನವೆಂಬರ್‌ನಲ್ಲಿ ಭಾವ ಬರುತ್ತೇನೆ ಎಂದಿದ್ದಾನೆ.